ಹೆಬ್ಬಾವು ಕಾವಿಗೆ ಕೂತಾಗ

ಕನಕಪುರದ ಕಾಡಂಚಿನಲ್ಲೋ ಮಾಗಡಿಯ ಬಂಡೆ ಸಂದಿಯಲ್ಲೋ ಹೆಬ್ಬಾವೊಂದು ಸುರುಳಿ ಸುತ್ತಿ ಅಲ್ಲಾಡದೆ ಬಿದ್ದಿದ್ದರೆ, ಏನನ್ನೋ ನುಂಗಿ ಮಲಗಿದೆ ಎಂದೇ ಜನರ ಅಂದಾಜು. ಸುರುಳಿಯೊಳಗೆ ಮೊಟ್ಟೆಗಳೂ ಇರಬಹುದು!

ಹಾವಿನದು ತಣ್ಣನೆ ರಕ್ತ. ಅದು ಕಾವು ಕೊಡುವುದಾದರೂ ಹೇಗೆ? ಭಾರತದ ಹೆಬ್ಬಾವು ಮೊಟ್ಟೆಯನ್ನು ಬೆಚ್ಚಗಿಡುತ್ತದೆ ಎಂದು 1832ರಲ್ಲಿ ಫ್ರಾನ್ಸಿನ ನಿಸರ್ಗಪ್ರೇಮಿ ಲಮಾರ್-ಪಿಕೋ ಹೇಳಿದಾಗ ಪ್ಯಾರಿಸ್ಸಿನ ಪಂಡಿತರು ನಂಬಲಿಲ್ಲ. 1841ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಪ್ರಾಣಿಶಾಸ್ತ್ರಜ್ಞ ವಾಲೆನ್ಸಿಯೆನ್ ಥರ್ಮಾಮೀಟರ್ ಇಟ್ಟು ನೋಡಿದರು: ಸುರುಳಿಯೊಳಗೆ ಹೊರಗಿಗಿಂತ ಹೆಚ್ಚು ಬಿಸಿ. ಗುಟ್ಟು ನಡುಕದಲ್ಲಿದೆ. ಚಳಿಗೆ ಮನುಷ್ಯರು ನಡುಗುವಂತೆ ತಾಯಿ ಹಾವು ಸ್ನಾಯುಗಳನ್ನು ಅದುರಿಸಿ ಶಾಖ ಹುಟ್ಟಿಸುತ್ತದೆ. ಸುಮಾರು ಎರಡು ತಿಂಗಳು, ಬಹುತೇಕ ಉಪವಾಸ.

ಸಾಕಿದ ವಿದೇಶಿ ಹೆಬ್ಬಾವು ಹೀಗೆ ಕೂತರೆ, ಮಾಲೀಕರಿಗೆ ಅತಿ ಕಷ್ಟದ ಆರೈಕೆಯೆಂದರೆ ಸುಮ್ಮನಿರುವುದು. ಹತ್ತಿರ ನೀರು, ಗಾಳಿಯಲ್ಲಿ ತೇವ, ಏರುಪೇರಿಲ್ಲದ ಬಿಸಿ ಇರಲಿ. ಊಟಕ್ಕೆ ಒತ್ತಾಯ ಬೇಡ. ಮೊಟ್ಟೆಯನ್ನಂತೂ ಹೊರಳಿಸಲೇಬಾರದು, ಒಳಗಿನ ಭ್ರೂಣ ಸಾಯಬಹುದು. ಅಂದಹಾಗೆ, ಇಂಥ ವಿದೇಶಿ ಹಾವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು.

ನಮ್ಮ ಕಾಡಿನ ಹೆಬ್ಬಾವನ್ನು ಸಾಕುವಂತೆಯೇ ಇಲ್ಲ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ.

ಕಾವಿಗೆ ಕೂತ ಕಾಡಿನ ಹಾವಿಗಾಗಿ ಕಾದವರೂ ಇದ್ದಾರೆ. 2022ರಲ್ಲಿ ಕೇರಳದ ಕಾಸರಗೋಡಿನ ಎರಿಯಾಲ್ ಬಳಿ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ವೇಳೆ ಬಿಲವೊಂದರಲ್ಲಿ ಮೊಟ್ಟೆಗಳ ಸಮೇತ ಹೆಬ್ಬಾವು ಸಿಕ್ಕಿತು. ಗುತ್ತಿಗೆದಾರರಾದ ಊರಾಲುಂಗಲ್ ಸಹಕಾರ ಸಂಘದವರು ಆ ಜಾಗದಲ್ಲಿ 54 ದಿನ ಕೆಲಸ ನಿಲ್ಲಿಸಿದರು. 24 ಮೊಟ್ಟೆಗಳು ಮರಿಯಾದವು. ರಾಮನಗರದ ಬಂಡೆಗಳ ನಡುವೆಯೋ ಚನ್ನಪಟ್ಟಣದ ಹಿಪ್ಪುನೇರಳೆ ತೋಟದಲ್ಲೋ ಹೆಬ್ಬಾವನ್ನು ಕಂಡವರಿಗೆ ಅಷ್ಟು ಕಾಯುವ ಕೆಲಸವಿಲ್ಲ: ದೂರ ನಿಂತು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಒಂದು ಫೋನ್ ಮಾಡಿದರಾಯಿತು.