ಬಾಡಿಗೆ ಮನೆ, ಲೀಜಿನ ಗದ್ದೆ

ಬಾಡಿಗೆಗೆ ಕೊಟ್ಟ ಆಸ್ತಿ ಕೆಟ್ಟರೆ ಖರ್ಚು ಯಾರ ತಲೆಗೆ ಎಂಬುದನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುತ್ತದೆ. ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರ ಆಸ್ತಿಯನ್ನು ಹಿಡಿದಾಗ ಹೇಗಿತ್ತೋ ಹಾಗೆಯೇ ಬಿಟ್ಟುಕೊಡಬೇಕು. ದಿನಬಳಕೆಯ ಸವಕಳಿಗೂ ಮನುಷ್ಯ ತಡೆಯಲಾಗದ ಅನಾಹುತಕ್ಕೂ ಅವನು ಹೊಣೆಯಲ್ಲ. ಅವನ ಕಡೆಯಿಂದಲೇ ಕೆಟ್ಟಿದ್ದರೆ, ಮಾಲೀಕ ನೋಟಿಸು ಕೊಟ್ಟ ಮೂರು ತಿಂಗಳೊಳಗೆ ರಿಪೇರಿ ಮಾಡಿಸಿಕೊಡಬೇಕು.

ಸವಕಳಿ ಯಾವುದು, ಹಾನಿ ಯಾವುದು ಎಂಬಲ್ಲಿ ಜಗಳ ಹುಟ್ಟುತ್ತದೆ. ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಕಡೆ ಈ ಜಗಳಕ್ಕೆ ಮೂರನೆಯ ಪಾಲುದಾರನೊಬ್ಬನಿದ್ದಾನೆ, ಎರೆಮಣ್ಣು. ಮಳೆಗೆ ನೀರು ಕುಡಿದು ಉಬ್ಬುವ, ಬೇಸಿಗೆಗೆ ಒಣಗಿ ಬಿರಿಯುವ ಈ ನೆಲದಲ್ಲಿ ಪಾಯ ಆಳಕ್ಕೆ ಹೋಗದ ಮನೆಯ ಗೋಡೆ ಬಿರುಕು ಬಿಡುವುದು ಸಾಮಾನ್ಯ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕನ್ನು ಬಾಡಿಗೆದಾರನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಕಿತ್ತುಹೋದ ಸ್ವಿಚ್ ಬೋರ್ಡು, ಒಡೆದ ವಾಶ್ ಬೇಸಿನ್, ಕೇಳದೆ ಕೊರೆದ ಗೋಡೆ ಅವನ ಲೆಕ್ಕ. ಮನೆ ಕೊಡುವ ದಿನವೇ ಇಬ್ಬರೂ ಕೂಡಿ ಫೋಟೊ ತೆಗೆದು, ಇದ್ದದ್ದನ್ನು ಪಟ್ಟಿ ಮಾಡಿ ಸಹಿ ಹಾಕಿಕೊಂಡರೆ ಮುಂದಿನ ಅರ್ಧ ತಕರಾರು ತಪ್ಪುತ್ತದೆ. ಹನ್ನೊಂದು ತಿಂಗಳ ಬಾಂಡ್ ಪೇಪರ್ ಬರೆಸುವವರೂ ಈ ಪಟ್ಟಿಯನ್ನು ಮರೆಯುವುದೇ ಹೆಚ್ಚು.

ಮಾಲೀಕನಿಗೆ ಮೊದಲು ಕಾಣುವ ದಾರಿ ಅಡ್ವಾನ್ಸ್ ಮುರಿದುಕೊಳ್ಳುವುದು. ಹಾನಿಯಾದರೆ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು ಎಂದು ಕರಾರಿನಲ್ಲಿ ಬರೆಸಿದ್ದರೂ, 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ನ್ಯಾಯವೆನಿಸುವಷ್ಟು ಪರಿಹಾರ ಮಾತ್ರ. ಮೇಸ್ತ್ರಿಯ ಅಂದಾಜು, ಸಾಮಾನಿನ ಬಿಲ್ಲು ಇಲ್ಲಿ ಬೇಕಾಗುತ್ತವೆ. ಮನೆಯನ್ನೇ ಬಿಡಿಸಬೇಕಾದರೆ, ತಿಂಗಳ ಬಾಡಿಗೆಯ ವ್ಯವಹಾರದಲ್ಲಿ 15 ದಿನದ ನೋಟಿಸು ಕೊಟ್ಟು, ಆಗಲೂ ಬಿಡದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಸಿಟ್ಟಿಗೆ ಬೀಗ ಜಡಿದು ಸಾಮಾನು ಹೊರಗೆಸೆಯುವ ಮಾಲೀಕನಿಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ತಿರುಗುಬಾಣವಾಗುತ್ತದೆ: ಬಾಡಿಗೆದಾರ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಪೊಲೀಸ್ ಠಾಣೆಯ ಪಾತ್ರ ಚಿಕ್ಕದು. ನಷ್ಟ ಮಾಡಬೇಕೆಂದೇ, ಅಥವಾ ಆಗುತ್ತದೆಂದು ಗೊತ್ತಿದ್ದೂ ಕೆಡಿಸಿದ್ದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಅನ್ವಯವಾದೀತು.

ಮನೆಯ ವಿಷಯದಲ್ಲಿ ಕಾಗದ ಮಾಲೀಕನನ್ನು ಕಾಯುತ್ತದೆ. ಹೊಲದ ವಿಷಯದಲ್ಲಿ ಕಾಗದಕ್ಕೇ ಅವನು ಹೆದರುತ್ತಾನೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಗೇಣಿಗೆ ಇದ್ದ ಭೂಮಿ ಸರ್ಕಾರಕ್ಕೆ ಸೇರಿ, 7ನೇ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರರಿಗೆ ಭೂನ್ಯಾಯಮಂಡಳಿಗಳ ಮೂಲಕ ಹಕ್ಕು ಸಿಕ್ಕಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವುದೇ ನಿಷಿದ್ಧವಾಯಿತು. ಲೀಜು ಮಾತ್ರ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಎಕರೆಗೆ ಇಷ್ಟು ಚೀಲ ಭತ್ತ ಅಥವಾ ಇಷ್ಟು ರೊಕ್ಕ ಎಂಬ ಮಾತು, ಒಂದೆರಡು ವರ್ಷದ ಗಡುವು. ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಬೇರೆಯವರ ಹೆಸರು ಕೂತೀತೆಂಬ ಅಂಜಿಕೆಯಲ್ಲಿ ಮಾಲೀಕ ಗಡುವನ್ನು ಚಿಕ್ಕದಾಗಿಯೇ ಇಡುತ್ತಾನೆ.

ಆ ಚಿಕ್ಕ ಗಡುವಿನಲ್ಲೇ ನೆಲದ ಕೇಡು ಶುರು. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದಿಂದ ಈ ಕಡೆಗೆ ನೀರು ತರುವ ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಬರ ತಡೆಯುವುದಕ್ಕೆ. ಬಹುಪಾಲು ಭೂಮಿಗೆ ಕಡಿಮೆ ನೀರಿನ ಬೆಳೆ ಎಂದೇ ಗುರುತಿಸಲಾಗಿತ್ತು. ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿದ ರೈತರು ಒಣಹೊಲ ಕೊಂಡು, ಲೀಜಿಗೆ ಹಿಡಿದು, ಮಟ್ಟ ಮಾಡಿ ಗದ್ದೆಯಾಗಿಸಿದರು. ಸ್ಥಳೀಯರೂ ಅದೇ ದಾರಿ ಹಿಡಿದರು. ಭೂಮಿಯ ಬೆಲೆ ಏರಿದ್ದು ಇದರಿಂದಲೇ ಎಂಬುದನ್ನೂ ಹೇಳಬೇಕು. ಆದರೆ ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಎರೆಮಣ್ಣಿನಲ್ಲಿ ಬೇಗ ಬಸಿಯದು. ಅಂತರ್ಜಲ ಮೇಲೇರಿ, ಬಿಸಿಲಿಗೆ ನೀರು ಆವಿಯಾಗಿ, ಉಪ್ಪು ಮೇಲೆ ಉಳಿಯುತ್ತದೆ. ಅದೇ ಸವಳು. ಬಸಿಗಾಲುವೆಯ ಹೂಳು ತೆಗೆದರೆ ಫಲ ಸಿಗುವುದು ವರ್ಷಗಳ ಮೇಲೆ. ಮುಂದಿನ ವರ್ಷ ಇದೇ ಹೊಲ ಸಿಗುವ ಖಾತ್ರಿಯಿಲ್ಲದ ಲೀಜುದಾರ ಆ ಕೆಲಸಕ್ಕೆ ರೊಕ್ಕ ಹಾಕುವುದಿಲ್ಲ. ಈ ಬೆಳೆಗೆ ಬೇಕಾದ ಗೊಬ್ಬರಕ್ಕೆ ಹಾಕುತ್ತಾನೆ.

ಸವಳಾದ ಮೇಲೆ ಪರಿಹಾರ ಕೇಳುವುದು ಕಷ್ಟ. ಕಾನೂನೇ ಒಪ್ಪದ ಲೀಜನ್ನು ಮುಂದಿಟ್ಟುಕೊಂಡು ಮಾಲೀಕ ನ್ಯಾಯಾಲಯದ ಮೆಟ್ಟಿಲು ಹತ್ತಲಾರ. ಮೇಲಿನ ಹೊಲದ ನೀರೂ ಇಳಿದು ಬರುವುದರಿಂದ ಕೇಡು ಒಬ್ಬನದೇ ಎಂದು ತೋರಿಸುವುದೂ ಸುಲಭವಲ್ಲ. ಊರ ಹಿರಿಯರ ಪಂಚಾಯಿತಿ ಮುರಿದ ಬದುವಿಗೆ ಬೆಲೆ ಕಟ್ಟೀತು, ಕಣ್ಣಿಗೆ ಬೀಳದೆ ಏರಿದ ಉಪ್ಪಿಗೆ ಕಟ್ಟಲಾರದು. ಕೃಷಿ ಲೀಜನ್ನು ಬರಹಕ್ಕೆ ತರುವ ಮಾದರಿ ಕಾಯ್ದೆಯೊಂದನ್ನು ನೀತಿ ಆಯೋಗ 2016ರಲ್ಲಿ ಮುಂದಿಟ್ಟಿತು.

ಲೀಜು ಬಾಯಿಮಾತಿನಲ್ಲೇ ಇರುವವರೆಗೆ ಮಾಲೀಕನ ಕೈಯಲ್ಲಿರುವುದು ಮಣ್ಣು ಪರೀಕ್ಷೆ. ಲೀಜಿಗೆ ಕೊಡುವ ಮುನ್ನ ಒಮ್ಮೆ, ಬಿಡಿಸಿಕೊಂಡಾಗ ಒಮ್ಮೆ ಮಾಡಿಸಿದರೆ ನೆಲ ಎಷ್ಟು ಕೆಟ್ಟಿದೆ ಎಂಬುದು ಗೊತ್ತಾಗುತ್ತದೆ. ಮಣ್ಣಿನ ಲವಣಾಂಶದ ಅಳತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಸವಳು ನೆಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ನೆಲದ ಮೇಲೆ ಸಂಶೋಧನೆ ನಡೆದಿದೆ. ನೆಲದಡಿ ತೂತಿನ ಪೈಪು ಹೂತು ನೀರು ಬಸಿಯುವುದು, ಕ್ಷಾರವಿದ್ದರೆ ಜಿಪ್ಸಂ ಹಾಕುವುದು, ಡಯಾಂಚ ಬೆಳೆದು ಮಣ್ಣಿಗೆ ಸೇರಿಸುವುದು ಇದಕ್ಕಿರುವ ಉಪಾಯಗಳು. ಖರ್ಚು ಹೆಚ್ಚಿನದು ಪೈಪಿಗೆ, ಅದು ಬೀಳುವುದು ಮಾಲೀಕನ ಮೇಲೆ. ಲೀಜುದಾರ ಅಷ್ಟರಲ್ಲಿ ಬೇರೆ ಹೊಲ ಹಿಡಿದಿರುತ್ತಾನೆ.