ಮೊದಲ ಸ್ಮಾರ್ಟ್‌ಫೋನು ಮತ್ತು ರೀಚಾರ್ಜಿನ ಲೆಕ್ಕ

ಎತ್ತನ್ನು ಕೊಳ್ಳುವ ಒಕ್ಕಲಿಗನು ಅದರ ಬೆಲೆಯೊಂದನ್ನೇ ವಿಚಾರಿಸುವುದಿಲ್ಲ. ವರ್ಷಕ್ಕೆ ಬೇಕಾಗುವ ಮೇವು ಹಿಂಡಿಗಳ ಲೆಕ್ಕವನ್ನೂ ಹಾಕುತ್ತಾನೆ. ಸ್ಮಾರ್ಟ್‌ಫೋನನ್ನು ಕೊಳ್ಳುವಾಗಲಾದರೋ ಈ ಎಚ್ಚರಿಕೆಯು ಅಷ್ಟಾಗಿ ಕಂಡುಬರುವುದಿಲ್ಲ. ಮಳೆಯ ಮುನ್ಸೂಚನೆ, ಪೇಟೆ ಧಾರಣೆ, ಪಹಣಿ, ಬ್ಯಾಂಕಿನ ವ್ಯವಹಾರ ಮುಂತಾದುವು ಇದರ ಮೂಲಕ ದೊರೆಯುವುದರಿಂದ ಇದು ಬೇಸಾಯಗಾರನಿಗೆ ಉಪಯುಕ್ತವಾದ ವಸ್ತುವೇ ಸರಿ. ಆದರೆ ಫೋನಿನ ಬೆಲೆಯನ್ನು ಒಂದು ಸಲ ಕೊಟ್ಟರೆ ತೀರಿತು. ರೀಚಾರ್ಜಿನ ಹಣವನ್ನು ಅದು ಬಳಕೆಯಲ್ಲಿರುವವರೆಗೂ ತೆರುತ್ತಿರಬೇಕು.

ಅವಧಿಯ ಲೆಕ್ಕ:— ಅನೇಕ ಯೋಜನೆಗಳ ಅವಧಿಯು 28 ದಿನಗಳು. ವರ್ಷದ 365 ದಿನಗಳನ್ನು 28ರಿಂದ ಭಾಗಿಸಿದರೆ 13 ಬರುವುದು. ಎಂದರೆ ವರ್ಷಕ್ಕೆ 12 ಸಲವಲ್ಲ, 13 ಸಲ ಹಣ ಕಟ್ಟಬೇಕು. ಉದಾಹರಣೆಗೆ, 28 ದಿನಕ್ಕೆ 210 ರೂಪಾಯಿ ದರವೆಂದಿಟ್ಟುಕೊಂಡರೆ ವರ್ಷಕ್ಕೆ 2,730 ರೂಪಾಯಿ, ಮೂರು ವರ್ಷಕ್ಕೆ 8,190 ರೂಪಾಯಿ ಆಗುವುದು. ಫೋನಿನ ಬೆಲೆಯು 8,000 ರೂಪಾಯಿಯಾಗಿದ್ದರೆ ಮೂರು ವರ್ಷದೊಳಗೆ ಮೇವಿನ ಖರ್ಚು ಎತ್ತಿನ ಬೆಲೆಯನ್ನು ಮೀರಿತು. ಆದುದರಿಂದ ಯೋಜನೆಯ ದರವನ್ನು ಅದರ ದಿನಗಳಿಂದ ಭಾಗಿಸಿ, ದಿನವೊಂದಕ್ಕೆ ಬೀಳುವ ವೆಚ್ಚವನ್ನು ಹೋಲಿಸಿ ನೋಡತಕ್ಕದ್ದು. ಮೇಲಿನ ದರವು ದಿನಕ್ಕೆ 7 ರೂಪಾಯಿ 50 ಪೈಸೆ. 84 ದಿನಕ್ಕೆ 546 ರೂಪಾಯಿ ದರವಿದ್ದಲ್ಲಿ ಅದು 6 ರೂಪಾಯಿ 50 ಪೈಸೆ. 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್ ಸಂಸ್ಥೆಯು, 30 ದಿನದ ಯೋಜನೆಯನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಯೋಜನೆಯನ್ನೂ ಕಂಪನಿಗಳು ಇಟ್ಟಿರಬೇಕೆಂದು ವಿಧಿಸಿತು. ಅಂಗಡಿಯಲ್ಲಿ ಇವನ್ನು ಕೇಳಿ ನೋಡಬಹುದು.

ದೀರ್ಘಾವಧಿಯ ರೀಚಾರ್ಜು ದಿನದ ಲೆಕ್ಕದಲ್ಲಿ ಸಾಮಾನ್ಯವಾಗಿ ಅಗ್ಗ. ಸುಗ್ಗಿಯಲ್ಲಿ ಫಸಲು ಮಾರಿ ಕೈಯಲ್ಲಿ ಹಣವಿರುವಾಗ ಅದನ್ನು ಮಾಡಿಸುವುದು ಅನುಕೂಲ. ಆದರೆ ಮೊದಲು ಅಲ್ಪಾವಧಿಯ ರೀಚಾರ್ಜು ಮಾಡಿಸಿ, ಮನೆಯಲ್ಲಿಯೂ ಹೊಲದಲ್ಲಿಯೂ ಸಿಗ್ನಲ್ ದೊರೆಯುವುದೇ ಎಂದು ಪರೀಕ್ಷಿಸಬೇಕು.

ಬೇಕಾದಷ್ಟೇ ಕೊಳ್ಳುವುದು:— ದಿನಕ್ಕೆ ಇಷ್ಟೆಂದು ಕೊಡುವ ಇಂಟರ್‌ನೆಟ್ಟಿನಲ್ಲಿ ಉಳಿದುದು ಮರುದಿನಕ್ಕೆ ಸಾಮಾನ್ಯವಾಗಿ ಸೇರುವುದಿಲ್ಲ. ಮಾತನಾಡಲು ಮಾತ್ರ ಫೋನು ಬಳಸುವ ಹಿರಿಯರಿಗಾಗಿ, ಕರೆ ಮತ್ತು ಸಂದೇಶಗಳಷ್ಟೇ ಇರುವ ರೀಚಾರ್ಜನ್ನು ಕಂಪನಿಗಳು ಒದಗಿಸತಕ್ಕದ್ದೆಂದು 2024ರ ಡಿಸೆಂಬರಿನಲ್ಲಿ ನಿಯಮವಾಯಿತು. ಬೇಸಾಯದ ಸಲಹೆಯಷ್ಟೇ ಬೇಕಾದವರಿಗೆ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ. ಕಿಸಾನ್ ಕರೆ ಕೇಂದ್ರದ 1800-180-1551 ಸಂಖ್ಯೆಗೆ ಯಾವ ಫೋನಿನಿಂದಲಾದರೂ ಉಚಿತವಾಗಿ ಕರೆಮಾಡಬಹುದು.

ಅಂಗಡಿಯಲ್ಲಿ:— ಕಂತಿನ ಮೇಲೆ ಕೊಳ್ಳುವವನು ಬಡ್ಡಿಯಿಲ್ಲವೆಂಬ ಮಾತಿನಿಂದಲೇ ತೃಪ್ತನಾಗದೆ, ಎಲ್ಲಾ ಕಂತುಗಳನ್ನೂ ಇತರ ಶುಲ್ಕಗಳನ್ನೂ ಕೂಡಿಸಿ ನಗದು ಬೆಲೆಯೊಡನೆ ಹೋಲಿಸಬೇಕು. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆಯು ಕಾಣುವುದು. ರಶೀತಿಯಲ್ಲಿಯೂ ಅದೇ ಸಂಖ್ಯೆಯಿರಬೇಕು. ಫೋನು ಕಳವಾದಲ್ಲಿ ಅದರ ಬಳಕೆಯನ್ನು ತಡೆಹಿಡಿಸಲು ಇದು ಬೇಕಾಗುವುದು.

ಸಂಖ್ಯೆಯ ರಕ್ಷಣೆ:— ಎಲ್ಲಕ್ಕಿಂತ ಮುಖ್ಯವಾದುದು ಇದು. ಬ್ಯಾಂಕು ಮತ್ತು ಆಧಾರ್‌ಗಳ ಗುಪ್ತ ಸಂಕೇತಗಳು ನೋಂದಾಯಿಸಿದ ಮೊಬೈಲ್ ಸಂಖ್ಯೆಗೇ ಬರುತ್ತವೆ. ರೀಚಾರ್ಜಿಲ್ಲದೆ, ಯಾವ ಬಳಕೆಯೂ ಇಲ್ಲದೆ 90 ದಿನ ಕಳೆದರೆ ಸಿಮ್ ರದ್ದಾಗಬಹುದು. ಕೆಲಕಾಲದ ಮೇಲೆ ಆ ಸಂಖ್ಯೆಯು ಅನ್ಯರಿಗೆ ಸಲ್ಲಬಹುದು. ಹಾಗಾದಲ್ಲಿ ರೈತನಿಗೆ ಬರಬೇಕಾದ ಸಂಕೇತವು ಅಪರಿಚಿತರ ಕೈಸೇರುವ ಸಂಭವವುಂಟು. ಆದಕಾರಣ ಹಳೆಯ ಸಂಖ್ಯೆಯನ್ನು ಬಿಡುವವರು ಮೊದಲು ಬ್ಯಾಂಕಿನಲ್ಲಿಯೂ ಆಧಾರ್ ಕೇಂದ್ರದಲ್ಲಿಯೂ ಹೊಸದನ್ನು ದಾಖಲು ಮಾಡಿಸತಕ್ಕದ್ದು. ಕಂಪನಿಯ ದರವೋ ಸಿಗ್ನಲೋ ಒಗ್ಗದಿದ್ದರೆ ಸಂಖ್ಯೆಯನ್ನು ಬಿಡಬೇಕಾದ ಅಗತ್ಯವಿಲ್ಲ. 2011ರಿಂದ ದೇಶದಲ್ಲೆಲ್ಲಾ ಅದೇ ಸಂಖ್ಯೆಯೊಡನೆ ಬೇರೆ ಕಂಪನಿಗೆ ಸೇರುವ ಅನುಕೂಲವಿದೆ.

ಪಂಚಾಂಗದಲ್ಲಿ ಬಿತ್ತನೆಯ ದಿನವನ್ನು ಗುರುತಿಸುವಂತೆ ರೀಚಾರ್ಜು ಮುಗಿಯುವ ತಾರೀಖನ್ನೂ ಗುರುತಿಸಿಟ್ಟುಕೊಂಡಲ್ಲಿ ಹಣವೂ ಸಂಖ್ಯೆಯೂ ಉಳಿಯುವುವು.