ತಿರುಗುವ ಅಣುವಿನ ಬೆಳಕು

ಕ್ವಿನೈನ್ ಬೆರೆಸಿದ ನೀರನ್ನು ಬಿಸಿಲಿಗೆ ಹಿಡಿದರೆ ಅದರ ಅಂಚಿನಲ್ಲಿ ತಿಳಿನೀಲಿಯ ಕಾಂತಿಯೊಂದು ಕಾಣುವುದು. ಕಣ್ಣಿಗೆ ಕಾಣದ ಅತಿನೇರಿಳೆ ಕಿರಣವನ್ನು ಹೀರಿ ಕಾಣುವ ಬೆಳಕನ್ನು ಹೊರಚೆಲ್ಲುವ ಈ ಗುಣವನ್ನು ೧೮೫೨ರಲ್ಲಿ ಕೇಂಬ್ರಿಜ್ಜಿನ ಜಾರ್ಜ್ ಸ್ಟೋಕ್ಸನು ವಿವರಿಸಿದನು. ಕನ್ನಡದಲ್ಲಿ ಇದನ್ನು ಪ್ರತಿದೀಪ್ತಿ ಎನ್ನುವರು. ಅಂದಿನ ಕೌತುಕವು ಇಂದು ಔಷಧಗಳ ಅನ್ವೇಷಣೆಯಲ್ಲಿ ದೂತನ ಕೆಲಸವನ್ನು ಮಾಡುತ್ತಿದೆ.

ಜೀವಕೋಶದ ಹೊರಮೈಯಲ್ಲಿ ಇಎನ್‌ಪಿಪಿ-೧ ಎಂಬ ಕಿಣ್ವವಿರುವುದು. ನ್ಯೂಕ್ಲಿಯೋಟೈಡುಗಳನ್ನು ಕತ್ತರಿಸುವುದೇ ಅದರ ಕಾರ್ಯ. ಅದು ಎ.ಟಿ.ಪಿ.ಯನ್ನು ಎ.ಎಂ.ಪಿ. ಮತ್ತು ಪೈರೋಫಾಸ್ಫೇಟುಗಳಾಗಿ ಸೀಳುವುದೆಂಬುದು ಬಹುಕಾಲದಿಂದ ತಿಳಿದ ಸಂಗತಿ. ೨೦೧೪ರಲ್ಲಿ ಅದರ ಇನ್ನೊಂದು ಕೃತ್ಯ ಬೆಳಕಿಗೆ ಬಂದಿತು. ಡಿ.ಎನ್.ಎ. ಇರಬಾರದ ಕಡೆ, ಎಂದರೆ ಕೋಶರಸದಲ್ಲಿ, ಕಾಣಿಸಿಕೊಂಡಾಗ ಕೋಶವು ಸಿ-ಗ್ಯಾಂಪ್ ಎಂಬ ಪುಟ್ಟ ಅಣುವನ್ನು ನಿರ್ಮಿಸುವುದು. ಡಲ್ಲಾಸಿನ ಝಿಜಿಯಾನ್ ಚೆನ್ನರ ತಂಡದವರು ಗುರುತಿಸಿದ ಈ ಅಣುವು ದೇಹದ ರಕ್ಷಣಾವ್ಯವಸ್ಥೆಗೆ ಅಪಾಯದ ಗಂಟೆಯಿದ್ದಂತೆ. ಕ್ಯಾನ್ಸರ್ ಕೋಶಗಳು ಇದನ್ನು ಹೊರಕ್ಕೆ ಚೆಲ್ಲುವುದುಂಟು. ಅಲ್ಲಿ ಇಎನ್‌ಪಿಪಿ-೧ ಅದನ್ನು ತುಂಡರಿಸಿಬಿಡುವುದು. ಗಂಟೆಯ ನಾಲಗೆಯನ್ನೇ ಕಿತ್ತಂತಾಯಿತು. ಈ ಕತ್ತರಿಯನ್ನು ತಡೆಯುವ ಪ್ರತಿಬಂಧಕವೊಂದು ದೊರೆತರೆ ಗಂಟೆಯ ನಾದ ರಕ್ಷಣಾಕೋಶಗಳ ಕಿವಿಗೆ ಬಿದ್ದೀತೆಂಬುದು ವೈದ್ಯಲೋಕದ ಆಸೆ.

ಆದರೆ ಹುಡುಕುವುದೆಂತು? ಪರೀಕ್ಷಿಸಬೇಕಾದ ಸಂಯುಕ್ತಗಳು ಸಾವಿರಾರು, ಕೆಲವೊಮ್ಮೆ ಲಕ್ಷಾಂತರ. ಅಂಗೈಯಗಲದ ತಟ್ಟೆಯಲ್ಲಿ ೩೮೪ ಅಥವಾ ೧೫೩೬ ಕುಳಿಗಳಿದ್ದು, ಒಂದೊಂದರಲ್ಲಿ ಒಂದೊಂದು ಸಂಯುಕ್ತವನ್ನು ಕಿಣ್ವದೊಡನೆ ಬೆರೆಸುವರು. ಕತ್ತರಿಸುವಿಕೆಯಿಂದ ಹುಟ್ಟುವ ಎ.ಎಂ.ಪಿ.ಗೆ ಬಣ್ಣವಿಲ್ಲ. ಇಲ್ಲಿಯೇ ಭೌತಶಾಸ್ತ್ರವು ಪ್ರವೇಶಿಸುವುದು.

ಪ್ರತಿದೀಪ್ತ ಬಣ್ಣದ ಅಣುವು ಬೆಳಕನ್ನು ಹೀರಿದೊಡನೆಯೇ ಮರಳಿ ಕೊಡುವುದಿಲ್ಲ. ಫ್ಲೋರಸೀನು ಸುಮಾರು ೪ ನ್ಯಾನೋಸೆಕೆಂಡುಗಳ ಕಾಲ ತಡೆಯುವುದು. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಸೆಕೆಂಡು. ಒಂದೇ ಸಮತಲದಲ್ಲಿ ಕಂಪಿಸುವ, ಎಂದರೆ ಧ್ರುವೀಕೃತವಾದ ಬೆಳಕನ್ನು ಅದಕ್ಕೆ ಉಣಿಸಿದೆವೆನ್ನೋಣ. ನೀರಿನಲ್ಲಿ ಒಂಟಿಯಾಗಿರುವ ಪುಟ್ಟ ಅಣುವು ಆ ೪ ನ್ಯಾನೋಸೆಕೆಂಡುಗಳಲ್ಲಿ ಹಲವು ಸಲ ಹೊರಳಿಬಿಡುವುದು. ಆದುದರಿಂದ ಅದು ಹೊರಬಿಡುವ ಬೆಳಕಿಗೆ ಮೊದಲಿನ ದಿಕ್ಕಿನ ನೆನಪಿರದು. ಅದೇ ಅಣುವನ್ನು ಪ್ರತಿಕಾಯದಂಥ ಭಾರಿ ಪ್ರೋಟೀನಿಗೆ ಅಂಟಿಸಿದರೆ? ಪ್ರತಿಕಾಯದ ಅಣುಭಾರ ಸುಮಾರು ೧,೫೦,೦೦೦. ಫ್ಲೋರಸೀನಿನದು ೩೩೨ ಮಾತ್ರ. ಆನೆಯ ಬೆನ್ನೇರಿದ ಇರುವೆ ಆನೆಯಷ್ಟೇ ನಿಧಾನವಾಗಿ ತಿರುಗಬೇಕಷ್ಟೆ. ಆಗ ಬೆಳಕು ತನ್ನ ಸಮತಲವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುವುದು. ಇದರ ಗಣಿತವನ್ನು ೧೯೨೬ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಪೆರಾನ್ ಒದಗಿಸಿದನು.

(ನಮ್ಮ ದೇಶದ ಒಂದು ಮಹಾಶೋಧದಲ್ಲಿಯೂ ಈ ಗುಣ ನೆರವಾಯಿತು. ೧೯೨೩ರಲ್ಲಿ ಕಲ್ಕತ್ತೆಯಲ್ಲಿ ರಾಮನಾಥನ್ನರು ಕಂಡ ಮಸುಕು ಬೆಳಕನ್ನು ಕ್ಷೀಣ ಪ್ರತಿದೀಪ್ತಿಯೆಂದೇ ಬಗೆದಿದ್ದರು. ೧೯೨೮ರಲ್ಲಿ ಅಂಥ ಬೆಳಕು ಬಲವಾಗಿ ಧ್ರುವೀಕೃತವಾಗಿರುವುದನ್ನು ಕಂಡ ರಾಮನ್ ಮತ್ತು ಕೃಷ್ಣನ್ನರು ಅದು ಸಾಮಾನ್ಯ ಪ್ರತಿದೀಪ್ತಿಯಲ್ಲವೆಂದು ಅರಿತರು.)

ಇನ್ನು ಉಪಾಯವನ್ನು ನೋಡೋಣ. ಎ.ಎಂ.ಪಿ.ಯನ್ನು ಮಾತ್ರ ಹಿಡಿಯಬಲ್ಲ ಪ್ರತಿಕಾಯಕ್ಕೆ ಬಣ್ಣ ಕಟ್ಟಿದ ಎ.ಎಂ.ಪಿ.ಯನ್ನು ಮೊದಲೇ ಕೂಡಿಸಿ ಕುಳಿಯಲ್ಲಿ ಹಾಕುವರು. ಕಿಣ್ವವು ಕತ್ತರಿಸುತ್ತಿದ್ದರೆ ಹೊಸ ಎ.ಎಂ.ಪಿ. ಹುಟ್ಟಿ, ಬಣ್ಣದ ಅಣುವನ್ನು ಪೀಠದಿಂದ ತಳ್ಳುವುದು. ಅದು ಸ್ವೇಚ್ಛೆಯಾಗಿ ಹೊರಳತೊಡಗಿ ಧ್ರುವೀಕರಣ ಕುಸಿಯುವುದು. ಕಿಣ್ವ ತಡೆಯಲ್ಪಟ್ಟ ಕುಳಿಯಲ್ಲಿ ಮಾತ್ರ ಧ್ರುವೀಕರಣ ಇಳಿಯದು. ಎಷ್ಟು ಬೆಳಕೆಂಬುದಕ್ಕಿಂತ ಯಾವ ದಿಕ್ಕಿನ ಬೆಳಕೆಂಬುದನ್ನು ಅಳೆಯುವ ಈ ಕ್ರಮವು ನನಗೆ ಬಹು ಸೊಗಸಾಗಿ ತೋರುವುದು.

ಸೊಗಸಿದ್ದರೂ ಮೋಸಕ್ಕೆ ಎಡೆಯುಂಟು. ಪರೀಕ್ಷೆಗೊಳಗಾದ ಸಂಯುಕ್ತವೇ ಮಿನುಗಿದರೆ ಅಳತೆ ಕೆಡುವುದು. ಅದಕ್ಕಾಗಿ ಅಂಥ ಮಿನುಗು ವಿರಳವಾದ ಕಡುಗೆಂಪಿನ ಬಣ್ಣಗಳನ್ನು ಆರಿಸುವರು. ಈ ಕಿಣ್ವದ ಕತ್ತರಿಗೆ ಎರಡು ಸತುವಿನ ಅಯಾನುಗಳೇ ಅಲಗು. ಸತುವನ್ನು ಕಸಿಯುವ ಯಾವ ವಸ್ತುವಾದರೂ ಪ್ರತಿಬಂಧಕದ ವೇಷ ಹಾಕಬಹುದು. ಅಂಥದು ದೇಹದಲ್ಲಿ ಸತುವನ್ನು ಆಶ್ರಯಿಸಿದ ಬೇರೆ ಕಿಣ್ವಗಳನ್ನೂ ಹಾಳುಮಾಡೀತು. ಇನ್ನು ಕೆಲವು ಸಂಯುಕ್ತಗಳು ನೀರಿನಲ್ಲಿ ಗುಂಪುಗೂಡಿ ಕಿಣ್ವವನ್ನೇ ಅಪ್ಪಿ ನಿಷ್ಕ್ರಿಯಗೊಳಿಸುವುವು. ಅಮೆರಿಕದ ಬ್ರಯನ್ ಶಾಯ್ಕೆಟ್ಟರ ತಂಡ ೨೦೦೨ರಲ್ಲಿ ಈ ಕಪಟವನ್ನು ಬಯಲಿಗೆಳೆಯಿತು. ಚಿಟಿಕೆ ಮಾರ್ಜಕ ಬೆರೆಸಿದರೆ ಗುಂಪು ಚೆದರಿ ವೇಷ ಕಳಚುವುದು.

ನಿಜವಾದ ಪ್ರತಿಬಂಧಕ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಈ ಕಿಣ್ವವು ವೈರಿಯಲ್ಲ. ಎ.ಟಿ.ಪಿ.ಯಿಂದ ಅದು ಬಿಡಿಸುವ ಪೈರೋಫಾಸ್ಫೇಟು ರಕ್ತನಾಳಗಳಲ್ಲಿ ಸುಣ್ಣ ಕಟ್ಟದಂತೆ ಕಾಯುವುದು. ಹುಟ್ಟಿನಿಂದಲೇ ಈ ಕಿಣ್ವದ ಕೊರತೆಯುಳ್ಳ ಕೆಲವು ಎಳೆಯ ಕೂಸುಗಳ ಧಮನಿಗಳು ಸುಣ್ಣಗಟ್ಟಿ, ಪ್ರಾಣಕ್ಕೇ ಎರವಾಗುವುದುಂಟು. ಹಾಗಾದರೆ ಒಂದು ಕೆಲಸವನ್ನು ತಡೆದು ಇನ್ನೊಂದನ್ನು ಉಳಿಸಬಹುದೆ? ಕಿಣ್ವದ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದ ಇಲಿಗಳಲ್ಲಿ ಎ.ಟಿ.ಪಿ.ಯ ಸೀಳುವಿಕೆ ಉಳಿದು ಸಿ-ಗ್ಯಾಂಪಿನದು ಮಾತ್ರ ನಿಲ್ಲುವುದೆಂದು ಸ್ಟ್ಯಾನ್‌ಫರ್ಡಿನ ಲಿಂಗಿನ್ ಲೀಯವರ ತಂಡ ೨೦೨೨ರಲ್ಲಿ ತೋರಿಸಿದೆ. ಸಿ-ಗ್ಯಾಂಪ್ ತುಂಡಾದರೂ ಎ.ಎಂ.ಪಿ.ಯೇ ಹುಟ್ಟುವುದರಿಂದ, ಅದೇ ತಟ್ಟೆ, ಅದೇ ಬೆಳಕುಗಳಿಂದ ಎರಡೂ ಕೆಲಸಗಳನ್ನು ಬೇರೆ ಬೇರೆಯಾಗಿ ಅಳೆದು ಹೋಲಿಸಬಹುದು.